ಆರ್ಕೆಸ್ಟ್ರಾದವರ ಮನೆಯಿಂದ



ಹೋದ ತಿಂಗಳು ಹಾಸನದ ಕಡೆಯ ಓದುಗರೊಬ್ಬರ ಪತ್ರ ಬಂದಿತ್ತು. ಎರಡನೇ ಪಿ.ಯು.ಸಿ. ಓದುವ ಮಗ ನಾಲ್ಕು ಗೆಳೆಯರನ್ನು ಸೇರಿಸಿಕೊಂಡು ಬ್ಯಾಂಡು ಕಟ್ಟಿದ್ದಾನಂತೆ. ಸಂಜೆಯಾದರೆ ಮನೆ ತುಂಬ ಡಬಡಬ ಸದ್ದು. “ಇವನನ್ನು ಇದರಿಂದ ಬಿಡಿಸುವುದು ಹೇಗೆ, ದಯವಿಟ್ಟು ತಿಳಿಸಿ” ಅಂತ ಕೇಳಿದ್ದಾರೆ. ಓದಿ ನಗು ಬಂತು. ಪಾಪ, ಯಾರನ್ನು ಕೇಳುತ್ತಿದ್ದೇನೆ ಅಂತ ಆಕೆಗೆ ಗೊತ್ತಿಲ್ಲ. ಇಷ್ಟು ವರ್ಷ ಈ ಪುಟದಲ್ಲಿ ಉಪ್ಪಿನಕಾಯಿ, ಹಪ್ಪಳ, ಅತ್ತೆ ಸೊಸೆ ಅಂತೆಲ್ಲ ಬರೆದವಳು ಇದೊಂದನ್ನು ಮಾತ್ರ ಹೇಳಿಕೊಂಡಿರಲಿಲ್ಲ. ನಾನು ಎಂಟು ವರ್ಷ ಆರ್ಕೆಸ್ಟ್ರಾದಲ್ಲಿ ಹಾಡಿದವಳು.

2001ನೇ ಇಸವಿ. ಎಸ್.ಎಸ್.ಎಲ್.ಸಿ. ಮುಗಿಸಿ ಮನೆಯಲ್ಲಿ ಹೊಲಿಗೆ ಕಲಿಯುತ್ತಿದ್ದೆ. ನಮ್ಮೂರು ತಿಪಟೂರಿನ ಹತ್ತಿರ. ಗಣೇಶನ ಪೆಂಡಾಲಿನಲ್ಲಿ ಒಂದು ದೇವರ ನಾಮ ಹಾಡಿದ್ದನ್ನು ಕೇಳಿ ಆರ್ಕೆಸ್ಟ್ರಾದವರು ಮನೆಗೆ ಬಂದರು. ಅವರ ಹಾಡುಗಾರ್ತಿ ಮದುವೆಯಾಗಿ ಹೋಗಿದ್ದಳಂತೆ. ನಮ್ಮಪ್ಪ ಸುತರಾಂ ಒಪ್ಪಲಿಲ್ಲ. ಅಮ್ಮ ಮಾತ್ರ, “ಇವಳ ಜೊತೆ ನಾನೂ ಬರ್ತೀನಿ, ನನಗೂ ಊಟ ಹಾಕ್ತೀರಾ?” ಅಂತ ಕೇಳಿದಳು. ಹಾಗೆ ಮೂರು ವರ್ಷ ಅಮ್ಮ ಟೆಂಪೋದಲ್ಲಿ ನನ್ನ ಪಕ್ಕ ಕೂತು ಊರೂರು ತಿರುಗಿದಳು. 2004ರಲ್ಲಿ ಕೀಬೋರ್ಡು ನುಡಿಸುತ್ತಿದ್ದವರನ್ನೇ ಮದುವೆಯಾದೆ. ತಂಡ ಅವರದೇ. ಅಮ್ಮನ ಸೀಟಿನಲ್ಲಿ ಆಮೇಲೆ ಮೈಕಿನ ಪೆಟ್ಟಿಗೆ ಇಟ್ಟರು.

ಹಾಡೋದು ಅಂದರೆ ಮೈಕು ಹಿಡಿದು ನಿಂತರೆ ಆಯಿತು ಅಂತ ನಾನೂ ತಿಳಿದಿದ್ದೆ. ಮೊದಲ ತಿಂಗಳಲ್ಲೇ ಗಂಟಲು ಬಿದ್ದುಹೋಯಿತು. ಕಾರಣ ಶ್ರುತಿ. ಗಂಡಸರಿಗೆ ಒಂದು, ಒಂದೂವರೆ ಮನೆ ಶ್ರುತಿ ಒಗ್ಗಿದರೆ ಹೆಂಗಸರಿಗೆ ಸಾಮಾನ್ಯವಾಗಿ ಐದು, ಐದೂವರೆ. ಯುಗಳ ಗೀತೆಯಲ್ಲಿ ಇಬ್ಬರಿಗೂ ಒಗ್ಗುವ ಶ್ರುತಿ ಹುಡುಕಬೇಕು, ಅದಕ್ಕೆ ಕೂತು ಅಭ್ಯಾಸ ಮಾಡಬೇಕು. ನಮ್ಮಲ್ಲಿ ಆ ಗೊಡವೆಗೆ ಯಾರೂ ಹೋಗುತ್ತಿರಲಿಲ್ಲ. ಗಂಡು ಹಾಡುಗಾರನಿಗೆ ಎಲ್ಲಿ ಸುಖವೋ ಅಲ್ಲಿ ಹಾಡು ಶುರು. ನಾನು ಒಂದೋ ಕಿರುಚಬೇಕು, ಇಲ್ಲವೇ ಬಾವಿಯೊಳಗಿಂದ ಹಾಡಬೇಕು. ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿದರೆ ಶ್ರುತಿ ಏರುತ್ತೆ, ಇಳಿಯುತ್ತೆ. ಆದರೂ ನಾನು ಒಬ್ಬಳೇ ಹಾಡುವ ಹಾಡಿಗೂ “ನನಗೆ ಐದೂವರೆ ಬೇಕು” ಅಂತ ಬಾಯಿಬಿಟ್ಟು ಕೇಳಲು ನನಗೆ ಎರಡು ವರ್ಷ ಹಿಡಿಯಿತು. ಮದುವೆಯಾದ ಮೇಲೆ ಕೇಳುವುದು ಇನ್ನೂ ಕಷ್ಟವಾಯಿತು ಅಂದರೆ ನಂಬುತ್ತೀರಾ?

ಈ ಕಸುಬಿನಲ್ಲಿ ವರ್ಷವೆಲ್ಲ ದುಡಿಮೆ ಇರಲ್ಲ. ಭಾದ್ರಪದದಲ್ಲಿ ಗಣೇಶ, ಆಮೇಲೆ ದಸರಾ, ನವೆಂಬರು ತುಂಬ ರಾಜ್ಯೋತ್ಸವ. ಆ ದಿನಗಳಲ್ಲಿ ನಿದ್ದೆಗೂ ಬಿಡುವಿಲ್ಲ. ಮುಂದೆ ಜಾತ್ರೆ, ಮದುವೆಗಳಿಂದ ಒಂದಿಷ್ಟು. ಮಾರ್ಚಿ ಬಂತೆಂದರೆ ಪರೀಕ್ಷೆ, ಆಷಾಢ ಬಂತೆಂದರೆ ಮದುವೆ ಇಲ್ಲ. ನವೆಂಬರಿನಲ್ಲಿ ಬಂದ ದುಡ್ಡನ್ನು ಆಷಾಢದ ತನಕ ಎಳೆಯುವುದು ಹೆಂಡತಿಯ ಕೆಲಸ. ನಾನು ರಾಗಿ, ಬೇಳೆ, ಬೆಲ್ಲ ಮೂರನ್ನೂ ಡಿಸೆಂಬರಿನಲ್ಲೇ ಡಬ್ಬಕ್ಕೆ ತುಂಬಿಸಿಬಿಡುತ್ತಿದ್ದೆ. ಕೈಯಲ್ಲಿ ನೋಟು ಇದ್ದರೆ ನಮ್ಮವರು ವೈರು, ಸ್ಪೀಕರು ಅಂತ ಕೊಂಡುಬಿಡುತ್ತಿದ್ದರು.

ಈಗ ನಿಜವಾಗಿ ಹೇಳಬೇಕಾದ್ದಕ್ಕೆ ಬರುತ್ತೇನೆ. 2008ರಲ್ಲಿ ನಮ್ಮವರು ಸಾಲ ಮಾಡಿ ಹೊಸ ಕೀಬೋರ್ಡು ತಂದರು. ನನ್ನ ಎರಡು ಬಳೆ ಗಿರವಿಗೆ ಹೋದವು. ಮರುವರ್ಷ ಗಣೇಶನ ಹಬ್ಬಕ್ಕೆ ಅರಸೀಕೆರೆ ಕಡೆಯ ಒಂದು ಊರಿನಲ್ಲಿ 14,000 ರೂಪಾಯಿಗೆ ಕಾರ್ಯಕ್ರಮ ಒಪ್ಪಿದ್ದೆವು. ಮುಂಗಡ 5,000 ಬಂದಿತ್ತು. ಒಂದು ವರ್ಷದ ಮಗನನ್ನು ಅಮ್ಮನ ಹತ್ತಿರ ಬಿಟ್ಟು ಹೊರಟೆ. ಅಲ್ಲಿ ಭಾಷಣ, ಸನ್ಮಾನ ಅಂತ ತಡವಾಗಿ, ನಾವು ವೇದಿಕೆ ಹತ್ತಿದಾಗ ಎಂಟೂವರೆ. ಹತ್ತು ಗಂಟೆಗೆ ಪೊಲೀಸರು ಬಂದು ಮೈಕು ನಿಲ್ಲಿಸಿದರು. 2000ದ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಕೂಡದು. ವರ್ಷಕ್ಕೆ 15 ದಿನ ಮೀರದಂತೆ ಹಬ್ಬ ಹರಿದಿನಕ್ಕೆ ರಾತ್ರಿ 12ರ ತನಕ ಸರ್ಕಾರ ವಿನಾಯಿತಿ ಕೊಡಬಹುದು. ಆದರೆ ಅಂಥ ಅನುಮತಿ ಇದೆಯೋ ಇಲ್ಲವೋ ಅಂತ ನಾವು ಕೇಳಿಯೇ ಇರಲಿಲ್ಲ. “ಅರ್ಧ ಕಾರ್ಯಕ್ರಮ, ಅರ್ಧ ದುಡ್ಡು” ಅಂದರು ಕಮಿಟಿಯವರು. 7,000ದಲ್ಲಿ ಮುಂಗಡ ಕಳೆದು 2,000 ಕೈಗಿಟ್ಟರು. ಚೀಟಿ ಇಲ್ಲ, ಸಹಿ ಇಲ್ಲ, ಯಾರ ಹತ್ತಿರ ಜಗಳ ಆಡೋದು?

ಟೆಂಪೋ, ಮೈಕಿನ ಬಾಡಿಗೆ 2,500 ಹೋಯಿತು. ನಮ್ಮಿಬ್ಬರನ್ನು ಬಿಟ್ಟು ಐವರು ಕಲಾವಿದರು. ತಲೆಗೆ 1,400 ಅಂತ ಮಾತಾಗಿತ್ತು, ನಮ್ಮವರು 500 ಕೊಟ್ಟರು. ರಿದಂ ಪ್ಯಾಡು ನುಡಿಸುವವರು ನಮ್ಮವರಿಗೆ ಬಾಲ್ಯದ ಗೆಳೆಯ, ನಾನು ಪ್ಯಾಡಿನಣ್ಣ ಅಂತಲೇ ಕರೆಯುತ್ತಿದ್ದೆ. ರಾತ್ರಿ ಎರಡು ಗಂಟೆಗೆ, ಟೆಂಪೋದ ಕತ್ತಲಲ್ಲಿ ಅವರು ಕೇಳಿದರು: “ಮುಂಗಡದ ಐದು ಸಾವಿರ ಪೂರಾ ಲೆಕ್ಕಕ್ಕೆ ಬಂತೇನೋ?” ನಮ್ಮವರು ಬಂತು ಅಂದರು. ಬಂದಿರಲಿಲ್ಲ. ಅದರಲ್ಲಿ 2,000 ಕೀಬೋರ್ಡಿನ ಕಂತಿಗೆ ಹೋಗಿತ್ತು. ಅದು ನನಗೆ ಗೊತ್ತಿತ್ತು, ಕಂತು ಕಟ್ಟಿ ಬಂದವಳೇ ನಾನು. ಪ್ಯಾಡಿನಣ್ಣ ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಅದೇ ವಾರ ಅವರು ತಂಡ ಬಿಟ್ಟರು, ಮೂವರನ್ನು ಕರೆದುಕೊಂಡು ಹೋದರು. ನಾವು ಹೊಸಬರನ್ನು ಹಾಕಿಕೊಂಡು ಆ ನವೆಂಬರು ಹೇಗೋ ಕಳೆದೆವು. ಅಷ್ಟರಲ್ಲಿ ಕರೋಕೆ ಬಂದಿತ್ತು. ಯಂತ್ರ ಒತ್ತಿದರೆ ವಾದ್ಯವೆಲ್ಲ ಅದರಲ್ಲೇ, ಏಳು ಜನರಿಗೆ ಯಾರು ದುಡ್ಡು ಕೊಡುತ್ತಾರೆ? ನಮ್ಮವರು ಅಂಗಡಿ ಲೆಕ್ಕ ಬರೆಯಲು ಸೇರಿದರು, ಕೀಬೋರ್ಡಿಗೆ ನನ್ನ ಹಳೇ ಸೀರೆಯ ಮುಸುಕು ಬಿತ್ತು. ಬಳೆ ಬಿಡಿಸಿಕೊಂಡೆ. ಹಾಡು ಹೋಯಿತು.

ದೊಡ್ಡವರಲ್ಲೂ ಇದು ತಪ್ಪಿದ್ದಲ್ಲ ನೋಡಿ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಇನ್ನೂ ಹೆಸರು ಮಾಡದ ಕಾಲದಲ್ಲಿ ಒಂದು ಲಘು ಸಂಗೀತ ತಂಡ ನಡೆಸುತ್ತಿದ್ದರು. ಅದರಲ್ಲಿ ಗಿಟಾರು, ಆಮೇಲೆ ಹಾರ್ಮೋನಿಯಂ ನುಡಿಸುತ್ತಿದ್ದವರು ಇಳಯರಾಜ, ಜೊತೆಗೆ ಅವರ ಅಣ್ಣ ಭಾಸ್ಕರ್, ತಮ್ಮ ಅಮರನ್. ಇಳಯರಾಜ ಮುಂದೆ ನಮ್ಮ ಜಿ.ಕೆ. ವೆಂಕಟೇಶ್ ಅವರ ಹತ್ತಿರ ಸಹಾಯಕರಾಗಿ ಎಷ್ಟೋ ಕನ್ನಡ ಚಿತ್ರಗಳಿಗೆ ದುಡಿದರು, 1976ರಲ್ಲಿ ‘ಅನ್ನಕ್ಕಿಳಿ’ಯಿಂದ ಸ್ವಂತ ಹೆಸರಾದರು. ಅಂಥ ಗೆಳೆಯರ ನಡುವೆಯೂ 2017ರಲ್ಲಿ ಹಾಡುಗಳ ಹಕ್ಕಿನ ವಿಷಯವಾಗಿ ವಕೀಲರ ನೋಟಿಸು ಬಂತು. ಎರಡು ವರ್ಷದ ಮೇಲೆ ಮತ್ತೆ ಒಂದೇ ವೇದಿಕೆ ಹತ್ತಿದರು. 2020ರಲ್ಲಿ ಎಸ್.ಪಿ.ಬಿ. ಆಸ್ಪತ್ರೆಯಲ್ಲಿದ್ದಾಗ, ಬೇಗ ಎದ್ದು ಬಾ ಅಂತ ಇಳಯರಾಜ ಗೆಳೆಯನನ್ನು ಕರೆದ ವಿಡಿಯೋವನ್ನು ನಮ್ಮ ಮನೆಯಲ್ಲೂ ನೋಡಿದೆವು. ಸೆಪ್ಟೆಂಬರ್ 25ರಂದು ಎಸ್.ಪಿ.ಬಿ. ಹೋದರು. ನಮ್ಮವರು ಆ ದಿನ ಊಟಕ್ಕೆ ಏಳಲಿಲ್ಲ.

ಅದೇ ವರ್ಷ ಮಾರ್ಚಿ ಕೊನೆಗೆ ಲಾಕ್‌ಡೌನ್ ಆಗಿತ್ತಲ್ಲ. ಜಾತ್ರೆ ಇಲ್ಲ, ಮದುವೆಯಲ್ಲಿ ಸಂಗೀತ ಇಲ್ಲ. ಪ್ಯಾಡಿನಣ್ಣ ಪ್ಯಾಡು ಮಾರಿದರು, ಕಾಯಿ ಹೊರುವ ಕೆಲಸಕ್ಕೆ ಹೋಗುತ್ತಿದ್ದಾರೆ ಅಂತ ತರಕಾರಿಯವಳು ಹೇಳಿದಳು. ಎಸ್.ಪಿ.ಬಿ. ಹೋದ ಮಾರನೇ ದಿನ ಹತ್ತು ಸೇರು ಅಕ್ಕಿ ಕಟ್ಟಿಕೊಂಡು, ಒಂದು ಕವರಿನಲ್ಲಿ 900 ರೂಪಾಯಿ ಇಟ್ಟುಕೊಂಡು ಅವರ ಮನೆಗೆ ಹೋದೆ. ನಮ್ಮವರಿಗೆ ಹೇಳಿರಲಿಲ್ಲ. ಪ್ಯಾಡಿನಣ್ಣ ಇರಲಿಲ್ಲ, ಅವರ ಹೆಂಡತಿ ಇದ್ದರು. ಕಂತಿನ ವಿಷಯ ಹೇಳಿದೆ. ಆಕೆ ಕವರು ಬಿಚ್ಚಿ ಎಣಿಸಿ, 500ರ ನೋಟನ್ನು ನನ್ನ ಕೈಗೇ ವಾಪಸು ಇಟ್ಟರು.

“ನಿಮ್ಮಿಂದ ಕಡಮೆ ಬಿದ್ದದ್ದು ನಾನೂರು. ಐನೂರು ಕಮಿಟಿಯವರು ನುಂಗಿದ್ದು, ಅದನ್ನ ನೀವ್ಯಾಕೆ ಕೊಡ್ತೀರಿ?” ಅಂದರು.

ಎರಡು ಸಾವಿರ ಭಾಗ ಐದು. ಹನ್ನೊಂದು ವರ್ಷದಿಂದ ಅವರ ಮನೆಯಲ್ಲಿ ಆ ಲೆಕ್ಕ ಪೈಸೆ ತಪ್ಪದೆ ಇತ್ತು. ಆಮೇಲೆ ಅಂದರು: “ದುಡ್ಡಿಗೆ ಅಂತ ಅವರು ಬಿಡಲಿಲ್ಲ ಅಕ್ಕ. ಕಂತು ಕಟ್ಟಬೇಕು ಅಂದಿದ್ರೆ ಅವರೇ ಬಿಡ್ತಿದ್ರು. ನೀವು ಕಿಟಕಿ ಕಡೆ ತಿರುಗಿದ್ರಂತೆ, ಅದನ್ನೇ ಹೇಳ್ತಿರ್ತಾರೆ.” ನನಗೆ ಉತ್ತರ ತೋಚಲಿಲ್ಲ. ಅಕ್ಕಿ ಮಾತ್ರ ಇಟ್ಟುಕೊಂಡರು.

ಅದಾದ ಮೇಲೆ ಎಲ್ಲಾ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತೆ. ನಮ್ಮವರಿಗೆ ಹೇಳಿದಾಗ ಅವರು ನನ್ನ ಮೇಲೇ ಸಿಟ್ಟಾಗಿ ಒಂದು ವಾರ ಮಾತು ಬಿಟ್ಟರು. ಇನ್ನೂ ಎರಡು ವರ್ಷ ಹೀಗೇ ಹೋಯಿತು. ಆಮೇಲೆ ನನ್ನ ಮಗನೇ ಒಂದು ದಿನ, ಪ್ಯಾಡು ಕಲೀತೀನಿ ಅಂತ ಹಟ ಹಿಡಿದ. ನಮ್ಮ ಕಡೆ ಕಲಿಸುವವರು ಇನ್ನ್ಯಾರಿದ್ದಾರೆ? ಈಗ ಭಾನುವಾರ ಭಾನುವಾರ ಪ್ಯಾಡಿನಣ್ಣ ನಮ್ಮ ಮನೆಗೆ ಬರುತ್ತಾರೆ. ತಿಂಗಳ ಫೀಸನ್ನು ನಾನು ಪುಸ್ತಕದಲ್ಲಿ ಬರೆದು, ಸಹಿ ಹಾಕಿಸಿಕೊಂಡೇ ಕೊಡುತ್ತೇನೆ, ಅವರೂ ನಗದೆ ಸಹಿ ಹಾಕುತ್ತಾರೆ. ನಮ್ಮವರ ಹತ್ತಿರ ತಾಳದ ವಿಷಯ ಬಿಟ್ಟು ಬೇರೆ ಮಾತಿಲ್ಲ.

ಹಾಸನದ ಸೋದರಿಗೆ ನನ್ನ ಉತ್ತರ ಇಷ್ಟೇ. ಬಿಡಿಸಬೇಡಿ. ಓದಿನ ಹೊತ್ತು ಗೊತ್ತು ಮಾಡಿ, ಸದ್ದಿನ ಹೊತ್ತೂ ಗೊತ್ತು ಮಾಡಿ, ಪಕ್ಕದ ಮನೆಯವರಿಗೆ ನೀವೇ ಹೋಗಿ ಒಂದು ಮಾತು ಹೇಳಿ ಬನ್ನಿ. ದುಡ್ಡು ಬರಲು ಶುರುವಾದ ದಿನ ಐವರಿಗೂ ಕಾಣುವಂಥ ಒಂದು ಲೆಕ್ಕದ ಪುಸ್ತಕ ತಂದುಕೊಡಿ. ಒಪ್ಪಂದವನ್ನು ಕಾಗದದ ಮೇಲೆ ಬರೆಸಿಕೊಳ್ಳಲಿ, ಮೈಕಿಗೆ ಅನುಮತಿ ಉಂಟೇ ಅಂತ ಕೇಳಲಿ. ದಣಿದು ವಾಪಸು ಬರುವಾಗ ಗಾಡಿಯಲ್ಲಿ ದುಡ್ಡಿನ ಮಾತು ಎತ್ತುವುದು ಬೇಡ, ಮಾರನೇ ದಿನ ತಿಂಡಿ ತಿಂದ ಮೇಲೆ ಆಡಲಿ. ತಂಡದಲ್ಲಿ ಹುಡುಗಿ ಇದ್ದರೆ ಅವಳ ಶ್ರುತಿ ಯಾವುದು ಅಂತ ಮೊದಲೇ ಕೇಳಿಕೊಳ್ಳಲು ನಿಮ್ಮ ಮಗನಿಗೆ ಹೇಳಿ.

ಹೋದ ಭಾನುವಾರ ಪಾಠ ಮುಗಿದ ಮೇಲೆ ನಮ್ಮವರು ಏನು ತೋಚಿತೋ, ಕೀಬೋರ್ಡಿನ ಮುಸುಕು ತೆಗೆದರು. ರಾಜನ್ ನಾಗೇಂದ್ರ ಅವರ ಒಂದು ಹಳೇ ಹಾಡು ಶುರು ಮಾಡಿದರು. ಪ್ಯಾಡಿನಣ್ಣ ಹೊರಡಲು ಎದ್ದವರು ಮತ್ತೆ ಕೂತರು. ನನ್ನನ್ನು ಅಡಿಗೆಮನೆಯಿಂದ ಕರೆದು, ಎಷ್ಟನೇ ಮನೆ ಅಂತ ಕೇಳಿದರು. ಐದೂವರೆ ಅಂದೆ. ಪಲ್ಲವಿ ಹೇಗೋ ಹಾಡಿದೆ, ಚರಣದ ಮೇಲಿನ ಸ್ವರಕ್ಕೆ ಹೋಗುವಾಗ ಕೆಮ್ಮು ಬಂತು. ಮಗ ಬಿದ್ದೂ ಬಿದ್ದೂ ನಕ್ಕ. ಅವತ್ತಿನಿಂದ ಹಳೇ ಕಷಾಯದ ಪುಡಿ ಮತ್ತೆ ಮಾಡಿಟ್ಟುಕೊಂಡಿದ್ದೇನೆ, ಬೇಕಾದವರು ಬರೆದುಕೊಳ್ಳಿ.

ಕೊತ್ತಂಬರಿ ಬೀಜ 1 ಲೋಟ, ಜೀರಿಗೆ ಅರ್ಧ ಲೋಟ, ಮೆಣಸು 2 ಚಮಚ, ಬೆರಳುದ್ದ ಒಣಶುಂಠಿ, ಬೆರಳುದ್ದ ಜೇಷ್ಠಮಧು. ಮೊದಲ ಮೂರನ್ನು ಸಣ್ಣ ಉರಿಯಲ್ಲಿ ಬೇರೆ ಬೇರೆಯಾಗಿ ಘಮ್ಮೆನ್ನುವ ತನಕ ಹುರಿಯಿರಿ. ಶುಂಠಿ, ಜೇಷ್ಠಮಧು ಜಜ್ಜಿ ಸೇರಿಸಿ, ಆರಿದ ಮೇಲೆ ಪುಡಿ ಮಾಡಿ ಬಾಟಲಿಗೆ ತುಂಬಿ. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ, ಸ್ವಲ್ಪ ಬೆಲ್ಲ ಹಾಕಿ ಕುದಿಸಿ, ಸೋಸಿ, ಬೇಕಾದರೆ ಹಾಲು ಬೆರೆಸಿ ಬಿಸಿಯಾಗಿ ಕುಡಿಯಿರಿ. ರಕ್ತದ ಒತ್ತಡ ಇರುವವರು ಜೇಷ್ಠಮಧು ಹಾಕದೆ ಮಾಡಿಕೊಳ್ಳಿ.