ಸಿಮ್ಸ್ ಪ್ರತಿಮೆ: ತೆರವಿನಾಚೆಗೂ ಉಳಿದ ಋಣ

ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್ ಅಂಚಿನಲ್ಲಿದ್ದ ಡಾ. ಜೆ. ಮೇರಿಯನ್ ಸಿಮ್ಸ್ ಪ್ರತಿಮೆಯನ್ನು 2018ರ ಏಪ್ರಿಲ್‌ನಲ್ಲಿ ತೆರವುಗೊಳಿಸಲಾಯಿತು. ಆಧುನಿಕ ಸ್ತ್ರೀರೋಗ ಚಿಕಿತ್ಸೆಯ ಪಿತಾಮಹನೆಂದು ಕೊಂಡಾಡಲಾದ ವೈದ್ಯನ ಸ್ಮಾರಕಕ್ಕೆ ಈ ಗತಿ ಬಂದುದೇಕೆ?

ಹೆರಿಗೆಯ ಗಾಯದಿಂದ ಮೂತ್ರ ನಿರಂತರ ಸೋರುವ ಫಿಸ್ಟುಲಾಕ್ಕೆ ಸಿಮ್ಸ್ ರೂಪಿಸಿದ ಶಸ್ತ್ರಚಿಕಿತ್ಸೆ ಅಸಂಖ್ಯ ಮಹಿಳೆಯರ ಬಾಳನ್ನು ಹಸನುಗೊಳಿಸಿತು. ಆದರೆ 1845ರಿಂದ 1849ರವರೆಗೆ ಅಲಬಾಮಾದ ಮಾಂಟ್ಗೊಮರಿಯಲ್ಲಿ ಆತ ಪ್ರಯೋಗ ನಡೆಸಿದ್ದು ಗುಲಾಮ ಸ್ತ್ರೀಯರ ಮೇಲೆ, ಅರಿವಳಿಕೆಯಿಲ್ಲದೆ. ಅನಾರ್ಕಾ ಎಂಬಾಕೆಯೊಬ್ಬಳಿಗೇ ಸುಮಾರು 30 ಬಾರಿ ಶಸ್ತ್ರಕ್ರಿಯೆ ನಡೆಯಿತು. ಒಪ್ಪಿಗೆ ನೀಡಿದವರು ಒಡೆಯರು.

ಅಂದಿನ ಕಾಲಧರ್ಮವೇ ಹಾಗಿತ್ತು, ಆ ಸ್ತ್ರೀಯರೂ ಗುಣವಾಗಲು ಬಯಸಿದ್ದರು ಎಂಬುದು ಸಮರ್ಥಕರ ವಾದ. ಆದರೆ ಒಲ್ಲೆ ಎನ್ನುವ ಹಕ್ಕೇ ಇಲ್ಲದವರ ಬಯಕೆಯನ್ನು ಸಮ್ಮತಿಯೆನ್ನಲಾಗದು.

ಹಾಗೆಂದು ತೆರವೊಂದೇ ಪರಿಹಾರವಲ್ಲ. ಪ್ರತಿಮೆಯೊಂದಿಗೆ ಇತಿಹಾಸದ ನೆನಪೂ ಮರೆಯಾದೀತು. ಶೋಧಿಸಿದವರ ಜೊತೆಗೆ ಸಹಿಸಿದವರ ಹೆಸರೂ ಸಾರ್ವಜನಿಕ ಸ್ಥಳದಲ್ಲಿ ಕಾಣಬೇಕು. ಕಲಾವಿದೆ ಮಿಶೆಲ್ ಬ್ರೌಡರ್ 2021ರಲ್ಲಿ ಮಾಂಟ್ಗೊಮರಿಯಲ್ಲೇ ಅನಾರ್ಕಾ, ಲೂಸಿ, ಬೆಟ್ಸಿ ಅವರ ಲೋಹಪ್ರತಿಮೆಗಳನ್ನು ನಿಲ್ಲಿಸಿ ಆ ಕೆಲಸ ಮಾಡಿದರು. ಸಿಮ್ಸ್‌ಗೆ ಅದೇ ನಗರದಲ್ಲಿ 1939ರಲ್ಲೇ ಪ್ರತಿಮೆ ಎದ್ದಿತ್ತು. ಆ ಮೂವರು ಇನ್ನೂ 82 ವರ್ಷ ಕಾಯಬೇಕಾಯಿತು.