ನರಮನಶ್ಶಾಸ್ತ್ರಕ್ಕೆ ಯಾವ ಕಾಲೇಜು?

ನಮ್ಮ ಸುಗಟೂರಿನ ಮಿತ್ರರೊಬ್ಬರು ಮೊನ್ನೆ ಮಗಳೊಡನೆ ಬಂದಿದ್ದರು. ಪಾರ್ಶ್ವವಾಯುವಿನಿಂದ ಅಜ್ಜನ ಮಾತು ನಿಂತಂದಿನಿಂದ, ಮಿದುಳಿಗೂ ಮನಸ್ಸಿಗೂ ಇರುವ ಸಂಬಂಧವನ್ನು ಅರಿಯಬೇಕೆಂಬುದು ಆ ಹುಡುಗಿಯ ಹಂಬಲ. "ಇದಕ್ಕೆ ಯಾವ ಕಾಲೇಜು, ಮೇಷ್ಟ್ರೇ?" ಎಂದು ತಂದೆ ಕೇಳಿದರು.

ವಾಚಕರೇ, ಮೊದಲ ಪದವಿಯಲ್ಲಿ ಆ ಹೆಸರನ್ನೇ ಅರಸಬೇಕಾದುದಿಲ್ಲ. ಮೊದಲು ಮನಶ್ಶಾಸ್ತ್ರ, ಸಾಧ್ಯವಾದರೆ ಜೊತೆಗೆ ಜೀವಶಾಸ್ತ್ರ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ೧೯೨೪ರಲ್ಲಿಯೇ ಮನಶ್ಶಾಸ್ತ್ರ ವಿಭಾಗವನ್ನು ತೆರೆದರು. ೧೯೭೪ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸಿನಂಥ ಸಂಸ್ಥೆಗಳ ವಿಶೇಷ ಶಿಕ್ಷಣವು ಅನಂತರದ ಮಾತು. ಆದುದರಿಂದ ಕಟ್ಟಡದ ಅಂದವನ್ನಲ್ಲ, ಪ್ರಯೋಗಶಾಲೆಯನ್ನೂ ಸಂಖ್ಯಾಶಾಸ್ತ್ರದ ಬೋಧನೆಯನ್ನೂ ವಿಚಾರಿಸಿರಿ.

"ಆರೇಳು ವರ್ಷಗಳ ದಾರಿ, ಓದಿಸುವಿರಾ?" ಎಂದೆನು. ತಂದೆ ಸುಮ್ಮನಾದರು. ಮರುದಿನ ಹುಡುಗಿ ಓಡಿಬಂದು ತಿಳಿಸಿದಳು: ಮಾತಾಡಲಾರದ ಅಜ್ಜನೇ ಮಗನ ಕೈಹಿಡಿದು ತಲೆಯಾಡಿಸಿದರಂತೆ.