ಯಾರಿಗೆ ‘ಬಾ’, ಯಾರಿಗೆ ‘ಬನ್ನಿ’?

ಕಳೆದ ವಾರ ನಮ್ಮೂರಿನ ಹೋಟೆಲ್ ಮುಂದೆ ನಾನೇ ಆಡಿದ ಮಾತಿದು. ಕೂಲಿ ಮಾಡುವ, ಎಪ್ಪತ್ತು ದಾಟಿದ ಅಜ್ಜನಿಗೆ ‘ಬಾ, ಟೀ ಕುಡಿ’ ಅಂದೆ. ಹಿಂದೆಯೇ ಬೈಕಿನಲ್ಲಿ ಬಂದ ಜಮೀನ್ದಾರರ ಮಗನಿಗೆ ‘ಬನ್ನಿ, ಟೀ ಕುಡೀರಿ’ ಅಂದೆ. ಅವನಿಗೆ ನನ್ನದೇ ವಯಸ್ಸು. ಅಜ್ಜ ಏನೂ ಅನ್ನಲಿಲ್ಲ. ಅವರಿಗೆ ಅದು ರೂಢಿ. ತಪ್ಪು ಅಂತ ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ.

ಆಗ ಎಸ್ಪೆರಾಂತೊ ನೆನಪಾಯಿತು. ಅದು ಒಬ್ಬ ಮನುಷ್ಯ ಕೂತು ಕಟ್ಟಿದ ಭಾಷೆ. ಜಾಮೆನ್‌ಹೋಫ್ ಎಂಬ ಕಣ್ಣಿನ ಡಾಕ್ಟರು 1887ರಲ್ಲಿ ವಾರ್ಸಾದಲ್ಲಿ ಅದರ ಮೊದಲ ಪುಸ್ತಕ ತಂದರು. ಅವರು ಹುಟ್ಟಿದ ಬಿಯಾವಿಸ್ಟೋಕ್ ಊರು ಈಗ ಪೋಲೆಂಡಿನಲ್ಲಿದೆ, ಆಗ ರಷ್ಯಾ ಸಾಮ್ರಾಜ್ಯದಲ್ಲಿತ್ತು. ಯಹೂದಿ, ಪೋಲಿಷ್, ರಷ್ಯನ್, ಜರ್ಮನ್ ಜನ ಅಲ್ಲಿ ಒಂದೇ ಊರಲ್ಲಿದ್ದೂ ಒಬ್ಬರನ್ನೊಬ್ಬರು ನಂಬುತ್ತಿರಲಿಲ್ಲ. ಎಲ್ಲರೂ ಸರಿಸಮ ನಿಂತು ಮಾತಾಡುವ ಒಂದು ಭಾಷೆ ಬೇಕು ಎಂಬುದು ಅವರ ಆಸೆ.

ಅದರಲ್ಲಿ ‘ಮಿ’ ಅಂದರೆ ನಾನು, ‘ಲಿ’ ಅಂದರೆ ಅವನು, ‘ಶಿ’ ಅಂದರೆ ಅವಳು. ‘ವಿ’ ಅಂದರೆ ನೀನು, ನೀವು ಎರಡೂ. ಬರೀ ‘ನೀನು’ ಅನ್ನಲು ‘ತ್ಸಿ’ ಎಂಬ ಪದವಿದೆ, ಆದರೆ ಬಳಸುವವರು ತೀರಾ ಅಪರೂಪ. ಕ್ರಿಯಾಪದ ಇನ್ನೂ ಸರಳ. ‘ವೆನಾಸ್’ ಅಂದರೆ ಈಗ ಬರುವುದು, ‘ವೆನಿಸ್’ ಹಿಂದೆ ಬಂದದ್ದು, ‘ವೆನೋಸ್’ ಮುಂದೆ ಬರುವುದು. ನಾವು ಬಂದೆ, ಬಂದ, ಬಂದಳು, ಬಂದರು, ಬಂತು ಅನ್ನುವ ಕಡೆಯಲ್ಲೆಲ್ಲ ಅಲ್ಲಿ ‘ವೆನಿಸ್’ ಒಂದೇ. ಕರೆಯುವಾಗ ‘ವೆನು’. ಮಗುವಿಗೂ ಅದೇ, ಮಂತ್ರಿಗೂ ಅದೇ.

ಹಾಗಂತ ಕನ್ನಡದ ‘ನೀನು’ ಕೆಟ್ಟದ್ದಲ್ಲ. ಅವ್ವನಿಗೂ ದೇವರಿಗೂ ನೀನು ಅಂತೀವಿ, ಗೆಳೆಯನಿಗೂ ಅಂತೀವಿ. ಅಲ್ಲಿರುವುದು ಸಲಿಗೆ. ನನ್ನ ಪರೀಕ್ಷೆ ಒಂದೇ: ನಾನು ‘ಬಾ’ ಅಂದವರು ನನಗೆ ತಿರುಗಿ ‘ಬಾ’ ಅನ್ನಬಹುದೇ? ಆ ಅಜ್ಜ ಅನ್ನಲಾರರು. ಹಾಗಾದರೆ ನಾನಾಡಿದ್ದು ಸಲಿಗೆಯಲ್ಲ, ಜಾತಿ ಮತ್ತು ಜಮೀನಿನ ಲೆಕ್ಕ.

ಸುದ್ದಿ ಬರೆಯುವ ನಾವೂ ಇದರಲ್ಲಿ ಪಾಲುದಾರರು. ಅಪಘಾತದಲ್ಲಿ ಕೂಲಿಯಾಳು ‘ಮೃತಪಟ್ಟಿದ್ದಾನೆ’, ಅಧಿಕಾರಿ ‘ಮೃತಪಟ್ಟಿದ್ದಾರೆ’. ಸಾವಿನಲ್ಲೂ ಎರಡು ಪ್ರತ್ಯಯ!

ಭಾಷೆ ಬದಲಾದರೆ ಎಲ್ಲ ಸರಿಹೋಗುತ್ತದೆ ಎಂಬ ಭ್ರಮೆ ನನಗಿಲ್ಲ. ಎಸ್ಪೆರಾಂತೊದಲ್ಲೂ ಅಪ್ಪ ‘ಪಾತ್ರೊ’, ಅದಕ್ಕೊಂದು ಬಾಲ ಸೇರಿಸಿದರೆ ಅವ್ವ ‘ಪಾತ್ರಿನೊ’. ಜಾಮೆನ್‌ಹೋಫ್ 1917ರಲ್ಲಿ ತೀರಿಕೊಂಡರು. ಮುಂದೆ ಅವರ ಮೂವರು ಮಕ್ಕಳನ್ನೂ ನಾಜಿಗಳು ಕೊಂದರು. ವ್ಯಾಕರಣ ಅವರನ್ನು ಕಾಯಲಿಲ್ಲ.

ಆದರೂ ಅವರು ಗೌರವಕ್ಕಾಗಿ ಹೊಸ ಭಾಷೆಯನ್ನೇ ಕಟ್ಟಿದರು. ನಮಗೆ ಆ ಕಷ್ಟವಿಲ್ಲ. ‘ನೀವು’, ‘ಬನ್ನಿ’, ‘ಕೂತ್ಕೊಳ್ಳಿ’ ಎಲ್ಲವೂ ನಮ್ಮ ಬಾಯಲ್ಲೇ ಇವೆ, ಹಂಚುವಾಗ ಮಾತ್ರ ಜಿಪುಣರಾಗುತ್ತೇವೆ.

ನಿನ್ನೆ ಆ ಅಜ್ಜನಿಗೆ ‘ಬನ್ನಿ’ ಅಂದೆ. ಬೇರೆ ಯಾರನ್ನೋ ಕರೆದೆ ಅಂದುಕೊಂಡು ಅವರು ಹಿಂತಿರುಗಿ ನೋಡಿದರು.